ದನಿಯಿಂದ ಗುರುತು: ಬಾವಲಿಗಳ ಪ್ರತಿಧ್ವನಿ ಕೂಗು ಮತ್ತು ಘಟಪ್ರಭಾ ಸೀಮೆಯ ಜನಪದ ಜೀವಿವರ್ಗೀಕರಣ – ಒಂದು ವಿಮರ್ಶೆ

ಜನಪದ ಜ್ಞಾನಪರಂಪರೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಸಸ್ಯಗಳಿಗೆ ಸಿಕ್ಕ ಮನ್ನಣೆ ಪ್ರಾಣಿಗಳಿಗೆ ಸಿಕ್ಕಿಲ್ಲ. ನಾಟಿವೈದ್ಯದ ನೆವದಿಂದ ಬೇರು, ತೊಗಟೆ, ಸೊಪ್ಪುಗಳ ಹೆಸರುಗಳು ಊರೂರಿನಿಂದ ಸಂಗ್ರಹವಾಗಿವೆ. ದನ, ಕುರಿ, ಹಾವುಗಳನ್ನು ಕುರಿತೂ ತಕ್ಕಮಟ್ಟಿನ ಸಾಮಗ್ರಿ ಇದೆ. ಬಾವಲಿಯ ವಿಷಯ ಬಂದಾಗ ಮಾತ್ರ ನಮ್ಮ ಬರಹಗಳು ಎರಡು ಸಂಗತಿಗಳನ್ನು ಹೇಳಿ ಮುಂದೆ ಸಾಗುತ್ತವೆ. ಒಂದು, ಅದು ಅಪಶಕುನದ ಜೀವಿ ಎಂಬ ನಂಬಿಕೆ. ಇನ್ನೊಂದು, ಹಕ್ಕಿಗಳಿಗೂ ಮೃಗಗಳಿಗೂ ಕಾಳಗವಾದಾಗ ಗೆಲ್ಲುವವರ ಕಡೆಗೆ ಸರಿಯುತ್ತ ಕೊನೆಗೆ ಇಬ್ಬರಿಗೂ ಬೇಡವಾದ ಬಾವಲಿಯ ಕಥೆ. ಈ ಕಥೆ ಅಂತರರಾಷ್ಟ್ರೀಯ ಕಥಾವರ್ಗಸೂಚಿಯಲ್ಲಿ 222ಎ ಸಂಖ್ಯೆಯಲ್ಲಿದೆ ಎಂಬ ಟಿಪ್ಪಣಿಯೊಂದಿಗೆ ಚರ್ಚೆ ಮುಗಿಯುತ್ತದೆ. ಬಾವಲಿ ಎಂದರೆ ಒಂದೇ ಜೀವಿ ಎಂಬ ಗ್ರಹಿಕೆ ಇವೆರಡರ ಹಿಂದೆಯೂ ಇದೆ. ಆದರೆ ಭಾರತದಲ್ಲಿರುವ ಬಾವಲಿ ಪ್ರಭೇದಗಳು ನೂರಿಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಹಲವನ್ನು ಕಣ್ಣಿನಿಂದ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ದನಿಯಿಂದ ಬೇರ್ಪಡಿಸುವ ವಿಧಾನವೊಂದು ಕಳೆದ ಮೂರು ದಶಕಗಳಲ್ಲಿ ಬಲಗೊಂಡಿದೆ. ಆ ವಿಧಾನವು ನಮ್ಮ ಹೆಸರು ಸಂಗ್ರಹದ ಕ್ರಮವನ್ನು ಎಲ್ಲಿ ಪ್ರಶ್ನಿಸುತ್ತದೆ, ಜಾನಪದ ಕ್ಷೇತ್ರಕಾರ್ಯದ ಅನುಭವವು ಆ ವಿಧಾನವನ್ನು ಎಲ್ಲಿ ಪ್ರಶ್ನಿಸಬಲ್ಲದು ಎಂಬುದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಮೂರೂ ತಾಲ್ಲೂಕುಗಳನ್ನು ಕೂಡಿಸಿರುವುದು ಘಟಪ್ರಭಾ ನದಿ. ಮೂಡಲಗಿ 2018ರವರೆಗೆ ಗೋಕಾಕ ತಾಲ್ಲೂಕಿನ ಭಾಗವೇ ಆಗಿತ್ತು. ಆಡಳಿತದ ಗೆರೆ ಬದಲಾದರೂ ಮಾತು, ಮೇಳ, ಜಾತ್ರೆಗಳಲ್ಲಿ ಬದಲಾವಣೆ ಏನಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಇಳಿದು ಬರುವ ನದಿ ಗೋಕಾಕದ ಬಳಿ 52 ಮೀಟರ್ ಎತ್ತರದ ಬಂಡೆಯ ಅಂಚಿನಿಂದ ಧುಮುಕುತ್ತದೆ. ಬಂಡೆಯ ಬಿರುಕು, ಹಳೆಯ ಗುಡಿಯ ಗರ್ಭಗೃಹ, ಪಾಳುಬಿದ್ದ ವಾಡೆ, ಮೆಟ್ಟಿಲುಬಾವಿ, ಹೊಳೆದಂಡೆಯ ಆಲ, ಅರಳಿ, ಹುಣಸೆ – ಬಾವಲಿಗಳು ನೆಲೆ ಹೂಡಲು ಬೇಕಾದುದೆಲ್ಲ ಇಂಥ ಸೀಮೆಯಲ್ಲಿ ಇರುತ್ತದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಗುಮ್ಮಟಕ್ಕೂ ಬಾವಲಿಗೂ ಇರುವ ನಂಟು ವಿಜ್ಞಾನದ ಹೆಸರಿನಲ್ಲಿಯೇ ದಾಖಲಾಗಿದೆ. ನಮ್ಮ ನಾಡಿನ ಹಳೆಯ ಕಟ್ಟಡಗಳಲ್ಲಿ ಕಾಣುವ ಟಾಫೊಜೋಸ್ ಕುಲಕ್ಕೆ 1818ರಲ್ಲಿ ಫ್ರಾನ್ಸಿನ ಜೋಫ್ರ್ವಾ ಸೇಂಟ್-ಹಿಲೇರ್ ಆ ಹೆಸರನ್ನು ಕೊಟ್ಟದ್ದು ಗೋರಿ ಎಂಬ ಅರ್ಥದ ಗ್ರೀಕ್ ಪದದಿಂದ. ಈಜಿಪ್ಟಿನ ಗೋರಿಗಳಲ್ಲಿ ಆ ಬಾವಲಿ ದೊರೆತಿತ್ತು.

ಹೆಸರುಗಳ ವಿಚಾರಕ್ಕೆ ಬರೋಣ. ಬಾವಲಿ, ತೊಗಲಬಾವಲಿ, ಕಪ್ಪಡಿ, ಕಣ್ಕಪ್ಪಡಿ ಎಂಬ ಕನ್ನಡ ರೂಪಗಳು ಊರಿಂದೂರಿಗೆ ಉಚ್ಚಾರ ಬದಲಿಸುತ್ತ ಬಳಕೆಯಲ್ಲಿವೆ. ಸಂಸ್ಕೃತದ ಅಮರಕೋಶದಲ್ಲಿ ಜತುಕಾ, ಅಜಿನಪತ್ರಾ ಎಂಬ ಹೆಸರುಗಳಿವೆ. ಜತು ಎಂದರೆ ಅರಗು, ಅಜಿನವೆಂದರೆ ತೊಗಲು. ತೊಗಲಬಾವಲಿ ಮತ್ತು ಅಜಿನಪತ್ರಾ ಒಂದೇ ಕಾಣ್ಕೆಯ ಎರಡು ಭಾಷಾರೂಪಗಳು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅರ್ಥ ಸ್ಪಷ್ಟವಾಗಿರುವ ಈ ಹೆಸರುಗಳಾವುವೂ ದನಿಯಿಂದ ಹುಟ್ಟಿದವಲ್ಲ. ಕಂಡದ್ದರಿಂದ ಅಥವಾ ಮುಟ್ಟಿದ್ದರಿಂದ ಹುಟ್ಟಿದವು. ಹಕ್ಕಿಗಳ ವಿಷಯದಲ್ಲಿ ಪರಿಸ್ಥಿತಿ ಬೇರೆ. ಟಿಟ್ಟಿಭ ತನ್ನ ಹೆಸರನ್ನು ತಾನೇ ಕೂಗುತ್ತದೆ. ಕಾಗೆ, ಕೋಗಿಲೆಗಳ ಹೆಸರಿನಲ್ಲಿಯೂ ಅವುಗಳ ಕೊರಳು ಕೇಳಿಸುತ್ತದೆ. ಬೆಳಗಿನ ಜಾವ ಬುಡಬುಡಿಕೆಯವರು ಮನೆ ಬಾಗಿಲಿಗೆ ಬಂದು ಹಾಲಕ್ಕಿ ನುಡಿದುದನ್ನು ಬಿಡಿಸಿ ಹೇಳುವ ಸಂಪ್ರದಾಯವಂತೂ ಕತ್ತಲಲ್ಲಿ ಕಾಣದ ಜೀವಿಯನ್ನು ಕಿವಿಯಿಂದಲೇ ಗುರುತಿಸಿ, ಅದರ ನುಡಿಗೆ ಅರ್ಥ ಕಟ್ಟುವ ಒಂದು ಶಾಸ್ತ್ರವೇ ಆಗಿದೆ. ಹಾಲಕ್ಕಿ ಗೂಬೆಯ ಬಳಗದ ಚಿಕ್ಕ ಹಕ್ಕಿ. ಅದೇ ಕತ್ತಲಲ್ಲಿ, ಅದೇ ಅಂಗಳದ ಮೇಲೆ ಹಾರುವ ಬಾವಲಿಗೆ ಮಾತ್ರ ನುಡಿಯೂ ಇಲ್ಲ, ನುಡಿಯನ್ನು ಬಿಡಿಸುವವರೂ ಇಲ್ಲ. ಜನಪದರು ರಾತ್ರಿಯ ಜೀವಿಗಳನ್ನು ಗಮನಿಸಲಿಲ್ಲ ಎಂದು ಇದರಿಂದ ತೀರ್ಮಾನಿಸಲಾಗದು. ಗಮನಿಸಿದ ಕಿವಿಗೆ ಆ ದನಿ ತಲುಪುತ್ತಿರಲಿಲ್ಲ ಎಂಬುದಷ್ಟೇ ಇಲ್ಲಿ ಹೊರಡುವ ಅರ್ಥ.

ನೋಟಕ್ಕೆ ಒಂದೇ ಆಗಿ ಕಂಡದ್ದನ್ನು ದನಿಯಿಂದ ಎರಡಾಗಿ ಅರಿಯುವುದು ಜಾನಪದ ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಈ ಸೀಮೆಯದೇ ನಿದರ್ಶನ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯಾಗಿ ಹೊರಟ ಪಾರಿಜಾತವನ್ನು ಸಣ್ಣಾಟವಾಗಿ ರಂಗಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ. ಹೆಸರಿನ ಸಾಮ್ಯದಿಂದ ಆಗಬಹುದಾದ ಗೊಂದಲ ಒಂದೆಡೆ ಇರಲಿ. ಅಚ್ಚಾದ ಪುಸ್ತಕವನ್ನು ಮಾತ್ರ ಓದಿದವನಿಗೆ ಎರಡು ಮೇಳಗಳ ಪಾರಿಜಾತ ಒಂದೇ ಆಗಿ ಕಂಡೀತು. ಹಿಮ್ಮೇಳದ ಎದುರು ಕುಳಿತು ಕೇಳಿದವನಿಗೆ ಕೊರಳು ತೆಗೆದ ಮೊದಲ ಘಳಿಗೆಯಲ್ಲೇ ಇದು ಯಾವ ಕಡೆಯ ಧಾಟಿ ಎಂಬುದು ತಿಳಿಯುತ್ತದೆ. ಕೌಜಲಗಿ ನಿಂಗಮ್ಮನ ಹೆಸರು ಇಂದಿಗೂ ಉಳಿದಿರುವುದು ಮುದ್ರಿತ ಪಾಠದಿಂದಲ್ಲ, ಕೊರಳಿನಿಂದ. ಪಾಠ ಒಂದೇ, ಧಾಟಿ ಬೇರೆ ಎಂಬ ಈ ತಿಳಿವಳಿಕೆಯನ್ನು ಹಾಡಿನ ವಿಷಯದಲ್ಲಿ ಬಳಸುವ ನಾವು ಜೀವಿಗಳ ಹೆಸರನ್ನು ಸಂಗ್ರಹಿಸುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಬಾವಲಿಯ ದನಿಯ ಕಥೆ ಸಂಕ್ಷೇಪವಾಗಿ ಹೀಗಿದೆ. ಇಟಲಿಯ ಸ್ಪಲ್ಲಾಂಜಾನಿ 1793-94ರ ಸುಮಾರಿಗೆ ಕಣ್ಣಿಲ್ಲದ ಬಾವಲಿಯೂ ಅಡೆತಡೆಗಳನ್ನು ತಪ್ಪಿಸಿ ಹಾರುವುದನ್ನು ಕಂಡನು. ಕಿವಿ ಮುಚ್ಚಿದರೆ ಅದು ದಿಕ್ಕೆಡುತ್ತದೆಂಬುದನ್ನು ಜಿನೀವಾದ ಜುರಿನ್ ತೋರಿಸಿದನು. ಕಾರಣ ತಿಳಿಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. 1938ರಲ್ಲಿ ಅಮೆರಿಕದ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ಅವರ ಉಪಕರಣದ ನೆರವಿನಿಂದ ಮನುಷ್ಯನ ಕಿವಿಗೆ ನಿಲುಕದ ಬಾವಲಿಯ ಕೂಗನ್ನು ಗುರುತಿಸಿದರು. ಮನುಷ್ಯನ ಕಿವಿಯ ಮೇಲಿನ ಮಿತಿ 20 ಕಿಲೋಹರ್ಟ್ಸ್. ಬಹುಪಾಲು ಕೀಟಾಹಾರಿ ಬಾವಲಿಗಳು ಕೂಗುವುದು ಅದರ ಮೇಲೆ. ಕೂಗು ವಸ್ತುವಿಗೆ ತಾಗಿ ಮರಳಿದ ಪ್ರತಿಧ್ವನಿಯಿಂದ ಬಾವಲಿ ದೂರ, ಗಾತ್ರ, ಚಲನೆಗಳನ್ನು ಅರಿಯುತ್ತದೆ. ಈಗಿನ ಯಂತ್ರಗಳು ಆ ಕೂಗನ್ನು ಹತ್ತು ಪಟ್ಟು ನಿಧಾನಿಸಿ ನಮಗೆ ಕೇಳುವಂತೆ ಮಾಡುತ್ತವೆ, ಇಲ್ಲವೆ ಧ್ವನಿಚಿತ್ರವಾಗಿ ಪರದೆಯ ಮೇಲೆ ಬಿಡಿಸುತ್ತವೆ. ಎಲೆಮೂಗಿನ ಮತ್ತು ಕುದುರೆಲಾಳ ಮೂಗಿನ ಬಾವಲಿಗಳ ಕೂಗಿನ ಬಹುಭಾಗ ಒಂದೇ ಸ್ಥಾಯಿಯಲ್ಲಿ ನಿಂತಿರುತ್ತದೆ. ಪಿಪಿಸ್ಟ್ರೆಲ್‌ನಂಥ ಚಿಕ್ಕ ಬಾವಲಿಗಳ ಕೂಗು ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಒಂದು ಶ್ರುತಿ ಹಿಡಿದಂತೆ, ಇನ್ನೊಂದು ಮೀಂಡು ಎಳೆದಂತೆ.

ದನಿಯಿಂದಲೇ ಪ್ರಭೇದಗಳು ಬೇರ್ಪಟ್ಟ ಪ್ರಸಿದ್ಧ ಪ್ರಸಂಗ ಬ್ರಿಟನ್ನಿನದು. ಎರಡು ಶತಮಾನಕ್ಕೂ ಮಿಕ್ಕಿ ಒಂದೇ ಎಂದು ತಿಳಿದಿದ್ದ ಅಲ್ಲಿನ ಪಿಪಿಸ್ಟ್ರೆಲ್ ಬಾವಲಿಗಳಲ್ಲಿ ಕೆಲವು 45 ಕಿಲೋಹರ್ಟ್ಸ್ ಸುತ್ತ, ಕೆಲವು 55ರ ಸುತ್ತ ಕೂಗುವುದನ್ನು ಗ್ಯಾರೆತ್ ಜೋನ್ಸ್ ಮತ್ತು ಸೋಫೀ ವಾನ್ ಪಾರಿಸ್ 1993ರಲ್ಲಿ ವರದಿ ಮಾಡಿದರು. 1997ರಲ್ಲಿ ಡಿ.ಎನ್.ಎ. ಪರೀಕ್ಷೆ ಅವು ಎರಡು ಪ್ರಭೇದಗಳೆಂದು ದೃಢಪಡಿಸಿತು. ನಮ್ಮಲ್ಲಿಯೂ ಇಂಥದೇ ಪ್ರಸಂಗವಿದೆ. ದಕ್ಷಿಣ ಭಾರತದ ಕುದುರೆಲಾಳ ಬಾವಲಿಯೊಂದರಲ್ಲಿ 80 ಕಿಲೋಹರ್ಟ್ಸ್ ಆಸುಪಾಸಿನ ಮತ್ತು 90ರ ಆಸುಪಾಸಿನ ಎರಡು ದನಿಯ ಬಣಗಳಿರುವುದನ್ನು ಬೆನ್ನುಹತ್ತಿ, ಮದುರೆ ಕಾಮರಾಜ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಒಂದರೊಳಗೆ ಅಡಗಿದ್ದ ಇನ್ನೊಂದು ಪ್ರಭೇದವನ್ನು 2012ರಲ್ಲಿ ತೋರಿಸಿಕೊಟ್ಟರು. ಕುದುರೆಮುಖದ ಮಳೆಕಾಡಿನ ಬಾವಲಿಗಳ ಕೂಗುಗಳ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದಾರೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯಲ್ಲಿ ಉಳಿದಿರುವ ಕೋಲಾರ ಎಲೆಮೂಗಿನ ಬಾವಲಿಯ ಕೂಗು ಸುಮಾರು 105 ಕಿಲೋಹರ್ಟ್ಸ್; ಅದೇ ನೆಲೆಯನ್ನು ಹಂಚಿಕೊಂಡಿರುವ ಮತ್ತೊಂದು ಎಲೆಮೂಗಿನ ಬಾವಲಿಯದು 170ರ ಆಸುಪಾಸು. ಕತ್ತಲ ಗವಿಯ ಬಾಯಿಯಿಂದ ಹೊರಬೀಳುವ ಚಿಕ್ಕ ಮೈಗಳನ್ನು ಕಣ್ಣು ಒಂದಾಗಿಸುತ್ತದೆ. ಯಂತ್ರದ ಕಿವಿಗೆ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಘಟಪ್ರಭಾ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ ನಿದರ್ಶನ ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನದು. ತಳೇವಾಡಿ ಬಳಿಯ ಬಾರಾಪೇಡೆ ಗವಿಗಳ ರಾಟನ್‌ನ ಬಿಡುಬಾಲದ ಬಾವಲಿಯನ್ನು ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದನು. ಮೇಘಾಲಯ ಮತ್ತು ಕಾಂಬೋಡಿಯಗಳಿಂದ ವರದಿ ಬರುವವರೆಗೆ ಲೋಕಕ್ಕೆ ಗೊತ್ತಿದ್ದ ಇದರ ಏಕೈಕ ನೆಲೆ ಬಾರಾಪೇಡೆಯೇ. ಗವಿಗಳಿರುವ ಕಾಡು 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಕಾದಂಬರಿ ದೇಶಪಾಂಡೆ ಮತ್ತು ನಚಿಕೇತ ಕೇಳ್ಕರ್ 2015ರಲ್ಲಿ ಈ ಬಾವಲಿಯನ್ನೂ ಭಾರತದ ಇತರ ಬಿಡುಬಾಲದ ಬಾವಲಿಗಳನ್ನೂ ಕೂಗಿನಿಂದ ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು. ಗವಿಯೊಳಗೆ ಹೋಗಿ ಹಿಡಿಯದೆ, ಎತ್ತರದಲ್ಲಿ ಹಾರುವಾಗಲೇ ಪ್ರಭೇದವನ್ನು ತಿಳಿಯುವ ದಾರಿ ಅದರಿಂದ ತೆರೆಯಿತು. ಜಾನಪದಕ್ಕೆ ಇಲ್ಲಿರುವ ಮಹತ್ವ ಬೇರೊಂದು. ಈ ಬಾವಲಿಯ ಕೂಗು 15 ಕಿಲೋಹರ್ಟ್ಸ್ ಆಸುಪಾಸಿನದು. ಅಂದರೆ ಮನುಷ್ಯನ ಕಿವಿಗೆ ಕೇಳುವಂಥದು. ಆದರೆ ಎಲ್ಲರ ಕಿವಿಗೂ ಅಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಗಳನ್ನು. ಮಕ್ಕಳಿಗೆ, ಹರೆಯದವರಿಗೆ ನಿಚ್ಚಳವಾಗಿ ಕೇಳುವ 15 ಕಿಲೋಹರ್ಟ್ಸ್ ದನಿ ಅರವತ್ತು ದಾಟಿದ ಬಹುತೇಕರಿಗೆ ಇಲ್ಲವೇ ಇಲ್ಲ.

ನಮ್ಮ ಕ್ಷೇತ್ರಕಾರ್ಯದ ಅಲಿಖಿತ ನಿಯಮವನ್ನು ಈ ಸಂಗತಿ ಅಲುಗಿಸುತ್ತದೆ. ಊರಿಗೆ ಹೋದ ಕೂಡಲೇ ನಾವು ಕೇಳುವುದು ‘ಇಲ್ಲಿ ವಯಸ್ಸಾದವರು ಯಾರಿದ್ದಾರೆ’ ಎಂದು. ಹಾಡು, ಕಥೆ, ಆಚರಣೆಗಳಿಗೆ ಅದು ಸರಿಯಾದ ಕ್ರಮ. ನೆನಪು ಅಲ್ಲಿಯೇ ಇರುತ್ತದೆ. ಬಾವಲಿಯ ದನಿಗೆ ಮಾತ್ರ ಆ ಕ್ರಮ ತಲೆಕೆಳಗು. ಅಜ್ಜನಿಗೆ ಬಾವಲಿ ಮೂಗ. ಅವನ ತೋಳು ಹಿಡಿದು ಕುಳಿತ ಮೊಮ್ಮಗನಿಗೆ ಅದು ಚಿಟಿಚಿಟಿ ಎನ್ನುವ ಜೀವಿ. ಹಿರಿಯರ ಹೇಳಿಕೆಯನ್ನಷ್ಟೇ ಬರೆದುಕೊಂಡು ಬಂದು, ಜನಪದರಲ್ಲಿ ಬಾವಲಿಯ ದನಿಯ ಅರಿವಿಲ್ಲ ಎಂದು ಬರೆದರೆ ಅದು ಜನಪದದ ವರ್ಣನೆಯಾಗುವುದಿಲ್ಲ, ಒಂದು ವಯೋಮಾನದ ಕಿವಿಯ ವರ್ಣನೆಯಾಗುತ್ತದೆ. ದನ ಕಾಯುವ, ಗುಡಿಯ ಹಿಂದೆ ಆಡುವ ಮಕ್ಕಳನ್ನು ವಕ್ತೃಗಳೆಂದು ಪರಿಗಣಿಸುವ ಅಭ್ಯಾಸ ಶಿಶುಪ್ರಾಸ, ಆಟದ ಹಾಡುಗಳ ಆಚೆಗೆ ನಮ್ಮಲ್ಲಿ ಬೆಳೆದಿಲ್ಲ.

ಹೆಸರು ಸಂಗ್ರಹದ ಇನ್ನೊಂದು ದೋಷ ಚಿತ್ರ ತೋರಿಸಿ ಕೇಳುವ ಪದ್ಧತಿ. ಪುಸ್ತಕದ ಹತ್ತು ಬಾವಲಿಗಳ ಚಿತ್ರಗಳನ್ನು ಮುಂದಿಟ್ಟರೆ ಹತ್ತಕ್ಕೂ ‘ಬಾವಲಿ’ ಎಂಬ ಒಂದೇ ಉತ್ತರ ಬರುವುದು ಸಹಜ. ಹೆಸರಿಲ್ಲದ ಕಡೆ ಭೇದವೂ ಇಲ್ಲವೆಂದು ಇದರಿಂದ ತೀರ್ಮಾನಿಸುತ್ತೇವೆ. ಮೆಕ್ಸಿಕೋದ ಟ್ಸೆಲ್ಟಾಲ್ ಜನರ ಸಸ್ಯಜ್ಞಾನವನ್ನು ಅಭ್ಯಸಿಸಿದ ಬರ್ಲಿನ್, ಬ್ರೀಡ್‌ಲವ್, ರೇವನ್ 1968ರಲ್ಲಿಯೇ ಹೆಸರಿಲ್ಲದ ವರ್ಗಗಳನ್ನೂ ಜನರು ಮನಸ್ಸಿನಲ್ಲಿ ಬೇರ್ಪಡಿಸಿಕೊಂಡಿರುತ್ತಾರೆ ಎಂದು ತೋರಿಸಿದ್ದರು. ನಮ್ಮ ಸೀಮೆಯಲ್ಲಿಯೂ ಬಾವಲಿಯ ಮಾತೆತ್ತಿದರೆ ‘ಗಿಡದಾಗಿಂದೋ, ಗುಡ್ಯಾಗಿಂದೋ’ ಎಂದು ಮರುಪ್ರಶ್ನೆ ಹಾಕುವವರುಂಟು. ಆ ಮರುಪ್ರಶ್ನೆಯೇ ವರ್ಗೀಕರಣ. ಗಿಡದಲ್ಲಿ ಜೋತುಬೀಳುವ, ಹಣ್ಣು ತಿನ್ನುವ, ಹಗಲೆಲ್ಲ ಕಚಪಚ ಜಗಳವಾಡುವ ದೊಡ್ಡ ಬಾವಲಿ ಒಂದು. ಗುಡಿಯ ಕತ್ತಲಲ್ಲಿ ಇರುವ, ದೀಪದ ಸುತ್ತ ಹುಳ ಹಿಡಿಯುವ, ಸದ್ದಿಲ್ಲದ ಸಣ್ಣ ಬಾವಲಿ ಇನ್ನೊಂದು.

ಈ ಜನಪದ ಗೆರೆ ಧ್ವನಿವಿಜ್ಞಾನದ ಮುಖ್ಯ ಗೆರೆಯ ಮೇಲೆಯೇ ಬೀಳುತ್ತದೆ ಎಂಬುದು ಗಮನಾರ್ಹ. ಮರದ ದೊಡ್ಡ ಬಾವಲಿ ಪ್ರತಿಧ್ವನಿಯ ಕೂಗನ್ನು ಬಳಸುವುದೇ ಇಲ್ಲ. ಕಣ್ಣು, ಮೂಗುಗಳನ್ನು ನಂಬಿ ಬದುಕುತ್ತದೆ. ಗುಡಿಯ ಸಣ್ಣ ಬಾವಲಿಗಳು ಅದನ್ನೇ ನಂಬಿವೆ. ಆದರೆ ವಂಶಾವಳಿಯ ಗೆರೆ ಇವೆರಡರ ಜೊತೆಗೂ ಹೋಗುವುದಿಲ್ಲ. ಈ ಶತಮಾನದ ಆರಂಭದ ಡಿ.ಎನ್.ಎ. ಅಧ್ಯಯನಗಳ ಪ್ರಕಾರ ಎಲೆಮೂಗಿನ ಮತ್ತು ಕುದುರೆಲಾಳದ ಬಾವಲಿಗಳು ಇತರ ಕೀಟಾಹಾರಿ ಬಾವಲಿಗಳಿಗಿಂತ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಗೆ ಹತ್ತಿರದ ಸಂಬಂಧಿಗಳು. ಗವಿಯಲ್ಲಿದ್ದುಕೊಂಡು ಹಣ್ಣು ತಿನ್ನುವ, ನಾಲಗೆಯಿಂದ ಟಕ್‌ಟಕ್ ಸದ್ದು ಹೊರಡಿಸಿ ದಾರಿ ನೋಡುವ ರೂಸೆಟ್ಟಸ್ ಎಂಬ ಬಾವಲಿಯಂತೂ ಗಿಡ–ಗುಡಿ ಎಂಬ ಜನಪದ ವಿಂಗಡಣೆಯನ್ನೂ, ಕೂಗುವ–ಕೂಗದ ಎಂಬ ಧ್ವನಿ ವಿಂಗಡಣೆಯನ್ನೂ ಒಟ್ಟಿಗೆ ಕೆಡಿಸುತ್ತದೆ. ಆದ್ದರಿಂದ ಜನಪದರಿಗೆ ಏನೂ ತಿಳಿದಿರಲಿಲ್ಲ ಎಂಬ ವಾದದಷ್ಟೇ, ಎಲ್ಲವೂ ಮೊದಲೇ ತಿಳಿದಿತ್ತು ಎಂಬ ಈಚಿನ ಉತ್ಸಾಹದ ವಾದವೂ ನಿಲ್ಲದು. ಎರಡನೆಯದು ನಮ್ಮ ಗೋಷ್ಠಿಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ ಎಂಬ ಕಾರಣಕ್ಕೆ ಹೆಚ್ಚು ಅಪಾಯಕಾರಿ.

ಇನ್ನು ಧ್ವನಿವಿಧಾನದ ಮಿತಿಗಳು. ಅದನ್ನು ಬಳಸುವವರು ಇವುಗಳನ್ನು ಬಲ್ಲರು. ಆದರೆ ಯಂತ್ರ ಅಗ್ಗವಾಗಿ, ತಂತ್ರಾಂಶವೇ ಹೆಸರು ಹೇಳತೊಡಗಿದ ಮೇಲೆ ಮಿತಿಗಳು ಮರೆಯಾಗುತ್ತಿವೆ. ಒಂದೇ ಬಾವಲಿ ಬಯಲಿನಲ್ಲಿ ಹಾರುವಾಗ ದೀರ್ಘವಾಗಿ, ಕೆಳಸ್ಥಾಯಿಯಲ್ಲಿ ಕೂಗುತ್ತದೆ. ಗಿಡಗಂಟಿಗಳ ನಡುವೆ ಹ್ರಸ್ವವಾಗಿ, ಬಿರುಸಾಗಿ ಕೂಗುತ್ತದೆ. ಕುದುರೆಲಾಳದ ಬಾವಲಿ ಹಾರುವಾಗ ತನ್ನ ವೇಗದಿಂದ ಪ್ರತಿಧ್ವನಿಯ ಸ್ಥಾಯಿ ಏರುವುದನ್ನು ಸರಿದೂಗಿಸಲು ಕೂಗನ್ನೇ ತಗ್ಗಿಸುತ್ತದೆ ಎಂದು ಜರ್ಮನಿಯ ಶ್ನಿಟ್ಸ್‌ಲರ್ 1968ರಲ್ಲಿ ತೋರಿಸಿದರು. ಹಾಗಾಗಿ ಕುಳಿತ ಬಾವಲಿಯ ದನಿಯನ್ನು ಹಾರುವ ಬಾವಲಿಯ ದನಿಯೊಂದಿಗೆ ನೇರವಾಗಿ ಹೋಲಿಸಲಾಗದು. ಊರಿನಿಂದ ಊರಿಗೆ ಸ್ಥಾಯಿ ತುಸು ಬದಲಾಗುವುದೂ ಉಂಟು. ಎಷ್ಟು ವ್ಯತ್ಯಾಸವಾದರೆ ಉಪಭಾಷೆ, ಎಷ್ಟಾದರೆ ಬೇರೆ ಭಾಷೆ ಎಂಬ ನಮ್ಮ ಹಳೆಯ ಪ್ರಶ್ನೆಯೇ ಇಲ್ಲಿ ವೇಷ ಬದಲಿಸಿ ಬಂದಿದೆ. ಬ್ರಿಟನ್ನಿನ 45 ಮತ್ತು 55ರ ಅಂತರವಾಗಲಿ, ನಮ್ಮ 80 ಮತ್ತು 90ರ ಅಂತರವಾಗಲಿ ತಾವಾಗಿಯೇ ಪ್ರಭೇದಗಳನ್ನು ಸಾಧಿಸಲಿಲ್ಲ. ದನಿ ಸಂಶಯ ಹುಟ್ಟಿಸಿತು, ನಿರ್ಣಯ ಬೇರೆ ಸಾಕ್ಷ್ಯದಿಂದ ಬಂತು. ಬೇರೆ ನಾಡಿನ ಕೂಗುಗಳಿಂದ ಕಟ್ಟಿದ ಸಂಗ್ರಹವನ್ನು ಗೋಕಾಕದ ರಾತ್ರಿಗೆ ಹಿಡಿದು ಹೆಸರು ಓದುವುದು, ಯುರೋಪಿನ ಕಥೆಗಳಿಗಾಗಿ ಮಾಡಿದ ವರ್ಗಸೂಚಿಯೊಳಗೆ ಕನ್ನಡದ ಕಥೆಯನ್ನು ತುರುಕಿದ ಹಾಗೆ. ಸಂಗ್ರಹದಲ್ಲಿ ಇಲ್ಲದ ಬಾವಲಿಗೆ ಯಂತ್ರ ಸಂಗ್ರಹದಲ್ಲಿರುವ ಇನ್ನೊಂದರ ಹೆಸರಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಯಾರ ದನಿ ದಾಖಲಾಗುತ್ತದೆ ಎಂಬ ಪ್ರಶ್ನೆ. ಸ್ಥಾಯಿ ಏರಿದಷ್ಟೂ ದನಿಯನ್ನು ಗಾಳಿ ಬೇಗ ನುಂಗುತ್ತದೆ. 15 ಕಿಲೋಹರ್ಟ್ಸ್ ಕೂಗು ದೂರದಿಂದಲೇ ಸಿಕ್ಕೀತು. 170ರದು ಕೆಲವೇ ಮೀಟರ್‌ಗಳಲ್ಲಿ ಅಡಗುತ್ತದೆ. ಬೇಟೆಯ ಕಾಲಸಪ್ಪಳವನ್ನೇ ಆಲಿಸಿ ಹಿಡಿಯುವ ಮೆಗಾಡರ್ಮ ಬಾವಲಿಯ ಕೂಗು ಪಿಸುಮಾತಿನಂತೆ ಮೆಲ್ಲಗಿನದು. ರಾತ್ರಿಯಿಡೀ ಯಂತ್ರ ನೆಟ್ಟು ಬಂದ ಪಟ್ಟಿಯಲ್ಲಿ ಗಟ್ಟಿಯಾಗಿ, ಕೆಳಸ್ಥಾಯಿಯಲ್ಲಿ ಕೂಗುವವರೇ ತುಂಬಿರುತ್ತಾರೆ. ಜಾನಪದ ಸಂಗ್ರಹಕಾರರಿಗೆ ಈ ಅನುಭವ ಚಿರಪರಿಚಿತ. ಧ್ವನಿಗ್ರಾಹಕವನ್ನು ಚಾವಡಿಯಲ್ಲಿ ಇಟ್ಟವರಿಗೆ ಗೀಗೀ ಮೇಳ, ಡೊಳ್ಳಿನ ಹಾಡು ಯಥೇಚ್ಛವಾಗಿ ಸಿಕ್ಕವು; ಬೀಸುಕಲ್ಲಿನ ಮುಂದೆ ತನ್ನಷ್ಟಕ್ಕೆ ಹಾಡಿಕೊಳ್ಳುವವಳ ಹಾಡು ಸಿಗಬೇಕಾದರೆ ಅಡುಗೆಮನೆಯ ಹೊಸ್ತಿಲವರೆಗೆ ಹೋಗಬೇಕಾಯಿತು. ದಾಖಲೆಯಲ್ಲಿ ಇಲ್ಲದ್ದು ಊರಿನಲ್ಲಿ ಇಲ್ಲವೆಂದು ಬರೆದ ಪುಟಗಳನ್ನು ನಾವು ಈಗಲೂ ತಿದ್ದುತ್ತಿದ್ದೇವೆ. ಬಾವಲಿ ಸಮೀಕ್ಷೆಗಳು ಆ ದಾರಿ ತುಳಿಯಬೇಕಾಗಿಲ್ಲ.

ಇದು ಪಂಡಿತರ ಕಸರತ್ತು ಮಾತ್ರವಲ್ಲ. ಕಾನೂನು ರಕ್ಷಿಸುವುದು ಹೆಸರನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ದಶಕಗಳ ಕಾಲ ಉಪದ್ರವಕಾರಿಗಳ ಅನುಸೂಚಿಯಲ್ಲಿದ್ದವು. ಆ ಅನುಸೂಚಿ ರದ್ದಾದದ್ದು 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ. ರಾಟನ್‌ನ ಬಿಡುಬಾಲದ ಬಾವಲಿಗೆ ಪ್ರತ್ಯೇಕ ಹೆಸರಿದ್ದ ಕಾರಣ ಮೊದಲ ಅನುಸೂಚಿಯ ರಕ್ಷಣೆ ಸಿಕ್ಕಿತು. ಕೋಲಾರದ ಎಲೆಮೂಗಿನ ಬಾವಲಿ 1994ರಲ್ಲಿ ಪ್ರತ್ಯೇಕ ಹೆಸರು ಪಡೆಯಿತು. ಅದು ಮೊದಲು ದೊರೆತ ತೇರಹಳ್ಳಿಯ ನೆಲೆಯಿಂದ ಮುಂದೆ ಮರೆಯಾಗಿ, ಕಲ್ಲುಗಣಿಗಳ ನಡುವಿನ ಒಂದೇ ಗವಿಯಲ್ಲಿ ಇನ್ನೂರಕ್ಕೂ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ. ಹೆಸರು ಇನ್ನೂ ತಡವಾಗಿದ್ದರೆ ಅದು ‘ಸಣ್ಣ ಬಾವಲಿ’ ಎಂಬ ಗುಂಪಿನೊಳಗೇ ಸದ್ದಿಲ್ಲದೆ ಮುಗಿದುಹೋಗುತ್ತಿತ್ತು. ಹಳೆಯ ಗುಡಿ, ಗುಮ್ಮಟಗಳ ಜೀರ್ಣೋದ್ಧಾರದಲ್ಲಿ ಕಿಂಡಿಗಳಿಗೆ ಜಾಲರಿ ಬಡಿಯುವಾಗ, ಬಾವಿಗಳನ್ನು ಮುಚ್ಚುವಾಗ ಒಳಗಿದ್ದುದು ಯಾವ ಬಾವಲಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ‘ಬಾವಲಿ’ ಎಂಬ ಒಂದೇ ಉತ್ತರ ಸಾಕೆನಿಸುವವರೆಗೆ ಆ ಪ್ರಶ್ನೆ ಹುಟ್ಟುವುದೂ ಇಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಹೆಸರು ಸಂಗ್ರಹ ಮತ್ತು ದನಿ ಸಂಗ್ರಹಗಳು ಒಂದೇ ಕೆಲಸವಾಗಿ ನಡೆಯಬೇಕು. ಜನಪದ ಜೀವಿನಾಮಗಳ ಪ್ರಶ್ನಾವಳಿಯಲ್ಲಿ ಚಿತ್ರಕ್ಕಿಂತ ಮೊದಲು ನೆಲೆ, ಹೊತ್ತು, ಹಾರಾಟದ ಎತ್ತರ, ಹಿಕ್ಕೆಯ ವಾಸನೆ, ಕೇಳಿದ ಸದ್ದುಗಳ ಪ್ರಶ್ನೆಗಳು ಬರಬೇಕು. ಹುಕ್ಕೇರಿಯ ಗುಮ್ಮಟದ ಮುಂದೆ ಸಂಜೆ ಯಂತ್ರ ಹಿಡಿದು ನಿಲ್ಲುವ ಜೀವವಿಜ್ಞಾನಿಯ ಪಕ್ಕದಲ್ಲಿ ಊರಿನ ಹಿರಿಯರೊಬ್ಬರೂ ಹತ್ತು ವರ್ಷದ ಹುಡುಗಿಯೊಬ್ಬಳೂ ನಿಂತಿರಲಿ. ಮೂವರೂ ಕೇಳಿದ್ದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಲಿ. ಯಂತ್ರದ ಕಡತಕ್ಕೆ ದಿನಾಂಕ, ಸ್ಥಳ, ಬಯಲೋ ಇಕ್ಕಟ್ಟೋ, ಹಾರುತ್ತಿತ್ತೋ ಜೋತಿತ್ತೋ ಎಂಬ ವಿವರ ಸೇರಲಿ. ನಮ್ಮ ವಕ್ತೃ ವಿವರದ ಪತ್ರದಲ್ಲಿ ವಯಸ್ಸಿನ ಕಲಮು ಮೊದಲಿನಿಂದಲೂ ಇದೆ. ಹೇಳಿಕೆಯ ಹಳಮೆಯನ್ನು ಅಳೆಯಲು ಈವರೆಗೆ ಅದನ್ನು ಬಳಸಿದ್ದೇವೆ. ಬಾವಲಿಯ ಪತ್ರದಲ್ಲಿ ಅದೇ ಕಲಮು ಹೇಳುವವರ ಕಿವಿ ಯಾವ ಸ್ಥಾಯಿಯವರೆಗೆ ತಲುಪುತ್ತದೆ ಎಂಬುದನ್ನು ತಿಳಿಸುತ್ತದೆ.